ಇಂಡಿಯಂ ಹಾಳೆಯಲ್ಲಿ ನ್ಯೂಟ್ರಾನ್ ಲೆಕ್ಕ

ನ್ಯೂಟ್ರಾನಿಗೆ ವಿದ್ಯುದಾವೇಶವಿಲ್ಲ, ಅದನ್ನು ನೇರವಾಗಿ ಎಣಿಸಲಾಗದು. 1942ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದ ಕ್ರೀಡಾಂಗಣದ ಅಡಿಯಲ್ಲಿ ಎನ್ರಿಕೊ ಫರ್ಮಿಯ ತಂಡ ಗ್ರಾಫೈಟ್ ಮತ್ತು ಯುರೇನಿಯಂ ಪೇರಿಸಿ ಜಗತ್ತಿನ ಮೊದಲ ರಿಯಾಕ್ಟರ್ ಕಟ್ಟಿತು. ಅಲ್ಲಿ ನ್ಯೂಟ್ರಾನ್‌ಗಳ ಸಾಂದ್ರತೆ ಅಳೆಯಲು ನೆರವಾದದ್ದು ಇಂಡಿಯಂ ಲೋಹದ ತೆಳು ಹಾಳೆ.

ರಾಶಿಯೊಳಗಿಟ್ಟ ಹಾಳೆಯ ಕೆಲವು ಪರಮಾಣುಗಳು ನ್ಯೂಟ್ರಾನ್ ಹೀರಿ ವಿಕಿರಣಶೀಲವಾಗುತ್ತವೆ. ಹೊರತೆಗೆದ ಮೇಲೆ ಆ ವಿಕಿರಣ ಸುಮಾರು 54 ನಿಮಿಷಗಳಲ್ಲಿ ಅರ್ಧಕ್ಕಿಳಿಯುತ್ತದೆ. ಹಾಗಾಗಿ ತಡಮಾಡದೆ ಗೈಗರ್ ಕೌಂಟರಿನಲ್ಲಿ ಎಣಿಸಬೇಕು, ಕಳೆದ ಸಮಯವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಎಣಿಕೆ ಹೆಚ್ಚಿದ್ದರೆ ಆ ಜಾಗದಲ್ಲಿ ನ್ಯೂಟ್ರಾನ್‌ಗಳ ಸಾಂದ್ರತೆ ಹೆಚ್ಚು. ರಾಶಿ ಬೆಳೆದಂತೆ ಈ ಅಂಕಿಗಳನ್ನು ನಕ್ಷೆಗಿಳಿಸಿ, ಸರಪಳಿ ಕ್ರಿಯೆ ಯಾವ ಪದರಕ್ಕೆ ತಾನಾಗಿ ಮುಂದುವರಿಯಬಲ್ಲದೆಂದು ಮುಂಚಿತವಾಗಿಯೇ ಅಂದಾಜಿಸಿದರು. 57ನೆಯ ಪದರಕ್ಕೆ ಪೇರಿಸುವುದು ಮುಗಿಯಿತು.

ನ್ಯೂಟ್ರಾನ್‌ಗಳ ಕ್ಷಣಕ್ಷಣದ ಏರಿಳಿತ ತಿಳಿಸುತ್ತಿದ್ದದ್ದು ಬೋರಾನ್ ಟ್ರೈಫ್ಲೋರೈಡ್ ಅನಿಲ ತುಂಬಿದ ಕೌಂಟರುಗಳು. ಅವುಗಳನ್ನು ರೂಪಿಸಿದ ಲಿಯೋನಾ ವುಡ್ಸ್ ಅವರಿಗೆ ಆಗ 23 ವರ್ಷ. ಫರ್ಮಿಯ ಹೆಸರಿನ ಜೊತೆಗೇ ನೆನೆಯಬೇಕಾದ ಹೆಸರಿದು. ಡಿಸೆಂಬರ್ 2ರ ಮಧ್ಯಾಹ್ನ 3.25ಕ್ಕೆ ಸರಪಳಿ ಕ್ರಿಯೆ ಸ್ವಾವಲಂಬಿಯಾಯಿತು. ಅಂದು ರಿಯಾಕ್ಟರಿನ ಶಕ್ತಿ ಕೇವಲ ಅರ್ಧ ವ್ಯಾಟ್.