ಎಎಂಎಚ್ ಹೇಳುವುದೇನು, ಹೇಳದಿರುವುದೇನು

ಮುಂಬಯಿಯ ಪವಾಯಿಯಲ್ಲಿ ದುಡಿಯುವ ಹೆಣ್ಣುಮಕ್ಕಳಿಗೆ ಇಂದು ಹಾರ್ಮೋನ್ ಪರೀಕ್ಷೆ ಕಷ್ಟವೇನಲ್ಲ. ಲ್ಯಾಬಿನವರು ಮನೆಗೇ ಬಂದು ರಕ್ತ ತೆಗೆದುಕೊಂಡು ಹೋಗುತ್ತಾರೆ, ವರದಿ ಫೋನಿಗೆ ಬರುತ್ತದೆ. ಅದರಲ್ಲಿ ಒಂದು ಅಂಕಿ ಕಡಿಮೆ ಎಂದು ಕಂಡರೆ ಸಾಕು, ಮನೆಮಂದಿಯೆಲ್ಲ ಕಂಗಾಲಾಗುತ್ತಾರೆ. ಅಷ್ಟು ಹೆದರಬೇಕಾದದ್ದು ಅದರಲ್ಲಿ ಸಾಮಾನ್ಯವಾಗಿ ಇರುವುದಿಲ್ಲ.

ಯಾವ ದಿನ, ಯಾವ ಪರೀಕ್ಷೆ

ಅಂಡಾಶಯವನ್ನು ಪ್ರಚೋದಿಸುವ ಎಫ್‌ಎಸ್‌ಎಚ್ ಮತ್ತು ಅಂಡಾಶಯವೇ ಸ್ರವಿಸುವ ಎಸ್ಟ್ರಡಯೋಲ್ ಹಾರ್ಮೋನ್‌ಗಳ ಪರೀಕ್ಷೆಗೆ ಮುಟ್ಟಿನ 2ರಿಂದ 4ನೇ ದಿನ ಸೂಕ್ತ. ಎಸ್ಟ್ರಡಯೋಲ್ ಏರಿದ್ದರೆ ಎಫ್‌ಎಸ್‌ಎಚ್ ತಗ್ಗಿ, ಎಲ್ಲ ಸರಿಯಿದೆಯೆಂಬ ಭ್ರಮೆ ಹುಟ್ಟುತ್ತದೆ. ಎರಡನ್ನೂ ಒಟ್ಟಿಗೆ ನೋಡಬೇಕು. ಅಂಡಾಣು ಬಿಡುಗಡೆಯಾಯಿತೇ ಎಂದು ತಿಳಿಯಲು ಪ್ರೊಜೆಸ್ಟರಾನ್ ಪರೀಕ್ಷೆ, ಮುಂದಿನ ಮುಟ್ಟಿಗೆ ಸುಮಾರು 7 ದಿನ ಮೊದಲು. ‘21ನೇ ದಿನ’ದ ಲೆಕ್ಕ 28 ದಿನಗಳ ಚಕ್ರದವರಿಗೆ ಮಾತ್ರ, 35 ದಿನಕ್ಕೊಮ್ಮೆ ಮುಟ್ಟಾಗುವವರಿಗೆ ಅದು 28ನೇ ದಿನ. ಥೈರಾಯ್ಡ್ ಪರೀಕ್ಷೆಗೆ ದಿನದ ಕಟ್ಟಿಲ್ಲ.

ಎಎಂಎಚ್

ಎಎಂಎಚ್ ಎಂಬುದು ಅಂಡಾಶಯದ ಸಣ್ಣ ಕೋಶಕಗಳು ಸ್ರವಿಸುವ ಹಾರ್ಮೋನ್. ಹುಟ್ಟುವಾಗ 10–20 ಲಕ್ಷದಷ್ಟಿರುವ ಅಂಡಾಣುಗಳು ವಯಸ್ಸಿನೊಂದಿಗೆ ಕರಗುತ್ತ ಹೋಗುತ್ತವೆ. ಉಳಿದಿರುವುದು ಹೆಚ್ಚೋ ಕಡಿಮೆಯೋ ಎಂಬ ಅಂದಾಜನ್ನು ಎಎಂಎಚ್ ಕೊಡುತ್ತದೆ. ಅಂಡಾಣುವಿನ ಗುಣಮಟ್ಟವನ್ನು ಅದು ಹೇಳಲಾರದು; ಅದನ್ನು ಹೆಚ್ಚಾಗಿ ನಿರ್ಧರಿಸುವುದು ವಯಸ್ಸು. ಬಂಜೆತನದ ಇತಿಹಾಸವಿಲ್ಲದ, 30ರಿಂದ 44 ವಯಸ್ಸಿನ ಸುಮಾರು 750 ಮಹಿಳೆಯರ ಅಮೆರಿಕದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಎಎಂಎಚ್ ಕಡಿಮೆಯಿದ್ದವರಲ್ಲಿ ಸಹಜವಾಗಿ ಗರ್ಭ ನಿಲ್ಲುವ ಸಾಧ್ಯತೆ ಕುಗ್ಗಿದ್ದು ಅದರಲ್ಲಿ ಕಂಡುಬರಲಿಲ್ಲ. ಪ್ರಣಾಳ ಶಿಶು ಚಿಕಿತ್ಸೆಯಾದ ಐವಿಎಫ್‌ಗೆ ಔಷಧದ ಪ್ರಮಾಣ ನಿಗದಿಪಡಿಸಲು ಮುಖ್ಯವಾಗಿ ಈ ಅಂಕಿ ಬೆಲೆಯುಳ್ಳದ್ದು. ಗರ್ಭನಿರೋಧಕ ಮಾತ್ರೆ ನುಂಗುತ್ತಿರುವವರಲ್ಲಿ ಅದು ತಗ್ಗಬಹುದು, ಪಿಸಿಓಎಸ್ ಎಂಬ ಹಾರ್ಮೋನ್ ತೊಂದರೆ ಇದ್ದವರಲ್ಲಿ ಸಾಮಾನ್ಯವಾಗಿ ಏರಿರುತ್ತದೆ. ಹಾಗಾಗಿ ವರದಿಯ ಈ ಒಂದು ಸಾಲು ನೋಡಿ ಮದುವೆಯನ್ನೋ ಅಂಡಾಣು ಶೈತ್ಯೀಕರಣವನ್ನೋ ತೀರ್ಮಾನಿಸುವುದು ತಪ್ಪು.

ಪರೇಲ್‌ನ ನಂಟು

ಐವಿಎಫ್ ವಿಜ್ಞಾನಕ್ಕೆ ಮುಂಬಯಿಯಲ್ಲೇ ಬೇರುಗಳಿವೆ. ಪರೇಲ್‌ನ ಕೆಇಎಂ ಆಸ್ಪತ್ರೆಯ ಡಾ. ಇಂದಿರಾ ಹಿಂದುಜಾ ಮತ್ತು ಅಲ್ಲಿನ ಸಂತಾನೋತ್ಪತ್ತಿ ಸಂಶೋಧನಾ ಸಂಸ್ಥೆಯ ಡಾ. ಟಿ.ಸಿ. ಆನಂದ ಕುಮಾರ್ ಅವರ ಜಂಟಿ ಯತ್ನದಿಂದ 1986ರ ಆಗಸ್ಟ್ 6ರಂದು ಪ್ರಣಾಳ ಶಿಶು ಜನಿಸಿತು. ಆನಂದ ಕುಮಾರ್ ಮುಂದೆ ಬೆಂಗಳೂರಿನಲ್ಲಿ ನೆಲೆಸಿದರು.

ರಕ್ತದಲ್ಲಿ ಕಾಣದ್ದು

ಗರ್ಭನಾಳ ಮುಚ್ಚಿದ್ದರೆ ಯಾವ ಹಾರ್ಮೋನೂ ಸುಳಿವು ಕೊಡದು. ನಮ್ಮ ದೇಶದಲ್ಲಿ ಜನನಾಂಗದ ಕ್ಷಯ ಇದಕ್ಕೊಂದು ಮುಖ್ಯ ಕಾರಣ; ನಾಳ ಮುಚ್ಚಿದೆಯೇ ಎಂದು ತಿಳಿಯಲು ಎಚ್‌ಎಸ್‌ಜಿ ಎಂಬ ಎಕ್ಸ್‌ರೇ ಬೇಕು. 35ರೊಳಗಿನವರು ಒಂದು ವರ್ಷ, ದಾಟಿದವರು 6 ತಿಂಗಳು ಪ್ರಯತ್ನಿಸಿಯೂ ಗರ್ಭ ನಿಲ್ಲದಿದ್ದರೆ ತಪಾಸಣೆ ಶುರುಮಾಡಬೇಕು, ಗಂಡ-ಹೆಂಡತಿ ಇಬ್ಬರಿಗೂ ಒಟ್ಟಿಗೆ. ಸೊಸೆಯನ್ನು ವರ್ಷಗಟ್ಟಲೆ ಲ್ಯಾಬಿಗೆ ಅಲೆಸಿ ಮಗನ ವೀರ್ಯ ಪರೀಕ್ಷೆಯನ್ನೇ ಮಾಡಿಸದ ಮನೆಗಳು ಇನ್ನೂ ಇವೆ. 2ರಿಂದ 7 ದಿನ ಸಂಯಮದಲ್ಲಿದ್ದು ಕೊಡುವ ಆ ಒಂದು ಮಾದರಿಗೆ ಸೂಜಿಯೂ ಬೇಡ.