ಚಿಕ್ಕಜಾಲದ ದಾರಿಯಲ್ಲಿ ಸ್ಪೋರ್ಟ್ಸ್ ಕಾರು

ಬೆಂಗಳೂರಿನಿಂದ ದೇವನಹಳ್ಳಿಗೆ ಹೊರಟವರಿಗೆ ಚಿಕ್ಕಜಾಲದಲ್ಲಿ ಹೆದ್ದಾರಿಯ ಪಕ್ಕದಲ್ಲೇ ಹಾಳುಬಿದ್ದ ಕಲ್ಲುಕೋಟೆಯೊಂದು ಸಿಗುತ್ತದೆ. ಒಳಗೆ ಗುಡಿಯಿದೆ, ಕಲ್ಯಾಣಿಯಿದೆ. ಭಾನುವಾರ ಬೆಳಗಿನ ಜಾವ ಆ ಗೋಡೆಯ ಬಳಿ ನಿಂತರೆ, ಕಾರು ಕಣ್ಣಿಗೆ ಬೀಳುವ ಮೊದಲೇ ಅದರ ಸದ್ದು ಕಿವಿಗೆ ಬೀಳುತ್ತದೆ. ಕೋಟಿಗಟ್ಟಲೆ ಬೆಲೆಯ ಸ್ಪೋರ್ಟ್ಸ್ ಕಾರುಗಳು ಈ ದಾರಿಗೆ ಬಂದದ್ದು ಈಚೆಗೆ. ಅವು ಬರಲು ಹಣವೊಂದೇ ಸಾಕಾಗಿರಲಿಲ್ಲ.

ಐಷಾರಾಮಿ ಕಾರು ನಮಗೆ ಹೊಸದಲ್ಲ. ಮೈಸೂರು ಅರಮನೆಯಲ್ಲಿ ರೋಲ್ಸ್ ರಾಯ್ಸ್‌ಗಳಿದ್ದವು. ಆದರೆ ಆ ಕಾರಿನ ಒಡೆಯರು ಕೂರುತ್ತಿದ್ದದ್ದು ಹಿಂದಿನ ಸೀಟಿನಲ್ಲಿ. ಸ್ಪೋರ್ಟ್ಸ್ ಕಾರಿನ ಸುಖವಿರುವುದು ತಾನೇ ಸ್ಟಿಯರಿಂಗ್ ಹಿಡಿಯುವುದರಲ್ಲಿ. ಸ್ವಾತಂತ್ರ್ಯಾನಂತರ ಆಮದಿನ ಬಿಗಿ ನಿರ್ಬಂಧದಿಂದಾಗಿ ದಶಕಗಳ ಕಾಲ ಅಂಬಾಸಿಡರ್, ಫಿಯೆಟ್‌ಗಳೇ ರಸ್ತೆಯನ್ನು ಆಳಿದವು. 1990ರ ದಶಕದ ಕೊನೆಯಲ್ಲಿ ಬೆಂಗಳೂರಿನ ಸ್ಯಾನ್ ಮೋಟರ್ಸ್ ‘ಸ್ಯಾನ್ ಸ್ಟಾರ್ಮ್’ ಎಂಬ ಎರಡು ಸೀಟಿನ ಪುಟ್ಟ ಕಾರನ್ನು ತಂದಿತು. ಫೈಬರ್‌ನ ಮೈ, ರೆನೋ ಎಂಜಿನ್. ಅದು ಹೆಚ್ಚು ಜನರನ್ನು ತಲುಪಲಿಲ್ಲ. 2001ರಲ್ಲಿ ಆಮದಿನ ಪರಿಮಾಣ ನಿರ್ಬಂಧ ತೆರವಾಯಿತು, ಭಾರಿ ಸುಂಕ ಮಾತ್ರ ಉಳಿಯಿತು.

ಕಾರಿಗೆ ಬಾಗಿಲು ತೆರೆದರೂ ಓಡಿಸಲು ದಾರಿ ಬೇಕಲ್ಲ? 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾಯಿತು. ಅದಕ್ಕಾಗಿ ಬಳ್ಳಾರಿ ರಸ್ತೆ ಅಗಲವಾಯಿತು, ಮೇಲ್ಸೇತುವೆಗಳು ಎದ್ದವು, ಸಾದಹಳ್ಳಿಯಲ್ಲಿ ಟೋಲ್ ಬಂತು. ವಿಮಾನ ಹಿಡಿಯುವವರಿಗೆಂದು ಹಾಸಿದ ನುಣುಪು ರಸ್ತೆ, ಹಂಪ್‌ಗಳಿಗೆ ಹೊಟ್ಟೆ ತಾಗಿಸಿಕೊಳ್ಳುವ ತಗ್ಗು ಕಾರುಗಳಿಗೂ ಒದಗಿ ಬಂತು.

ಕಾರು ಕೊಂಡ ಮಾತ್ರಕ್ಕೆ ಲೆಕ್ಕ ಮುಗಿಯುವುದಿಲ್ಲ. ಕರ್ನಾಟಕದಲ್ಲಿ 20 ಲಕ್ಷ ರೂಪಾಯಿ ಮೀರಿದ ಕಾರಿಗೆ ಆಜೀವ ತೆರಿಗೆಯೇ ಶೇ. 18, ಮೇಲೆ ಸೆಸ್. ಹಾಗಾಗಿ ಬೇರೆ ರಾಜ್ಯದಲ್ಲಿ ನೋಂದಾಯಿಸಿ ಇಲ್ಲಿ ಓಡಿಸುವ ಚಾಳಿ ಬೆಳೆಯಿತು. 2025ರ ಜುಲೈನಲ್ಲಿ ಸಾರಿಗೆ ಇಲಾಖೆಯವರು ಬೆಂಗಳೂರಿನಲ್ಲಿ ಮಹಾರಾಷ್ಟ್ರ ನೋಂದಣಿಯ ಫೆರಾರಿಯೊಂದನ್ನು ಪತ್ತೆಹಚ್ಚಿದರು. ಅದರ ಮಾಲೀಕರು ದಂಡವೂ ಸೇರಿ ಸುಮಾರು 1.41 ಕೋಟಿ ರೂಪಾಯಿ ಕಟ್ಟಬೇಕಾಯಿತು. ಆ ಮಾದರಿ, ಎಸ್‌ಎಫ್ 90, ನಿಂತಲ್ಲಿಂದ ಗಂಟೆಗೆ 100 ಕಿ.ಮೀ. ವೇಗಕ್ಕೆ ಏರಲು ತೆಗೆದುಕೊಳ್ಳುವುದು ಎರಡೂವರೆ ಸೆಕೆಂಡು. ವಿಮಾನ ನಿಲ್ದಾಣದ ರಸ್ತೆಯ ವೇಗಮಿತಿ 80. ಅಂದರೆ ಕೋಟಿಗಟ್ಟಲೆ ಕೊಟ್ಟು ಕೊಂಡ ಶಕ್ತಿ ಇಲ್ಲಿ ಕಾನೂನಿನೊಳಗೆ ಬಳಕೆಯಾಗುವುದು ಎರಡು ಕ್ಷಣ ಮಾತ್ರ.

ಉಳಿದದ್ದನ್ನೂ ಬಳಸಬೇಕೆಂಬ ಆಸೆಯಲ್ಲೇ ತೊಂದರೆ ಇರುವುದು. ಗಂಟೆಗೆ 160 ಕಿ.ಮೀ. ವೇಗದ ಕಾರು ಒಂದು ಸೆಕೆಂಡಿಗೆ 44 ಮೀಟರ್ ದಾಟುತ್ತದೆ. ಅದರ ಹೊಡೆತದ ಶಕ್ತಿ 80ರಲ್ಲಿದ್ದದ್ದಕ್ಕಿಂತ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ತೆರಿಗೆಯ ಬಾಕಿಯನ್ನು ಒಂದು ಮಧ್ಯಾಹ್ನದಲ್ಲಿ ಕಟ್ಟಿ ಮುಗಿಸಬಹುದು. ಬೆಳಗಿನ ಮಬ್ಬಿನಲ್ಲಿ ಹಾಲಿನ ಕ್ಯಾನು ಹಿಡಿದು ರಸ್ತೆ ದಾಟಲು ನಿಂತವರು ಮಾತ್ರ, ಬರುವ ದೀಪದ ದೂರವನ್ನು ಪ್ರತಿದಿನ ಬರಿಗಣ್ಣಿನಲ್ಲೇ ಅಳೆಯಬೇಕು.