ನೀರು ತುಂಬಿದ ಕಹಳೆ

ಗರ್ಭಕೋಶದ ಎರಡು ಪಕ್ಕಗಳಿಂದ ಅಂಡಾಶಯಗಳತ್ತ ಚಾಚಿರುವ ಎರಡು ಕಿರಿಯ ನಾಳಗಳುಂಟು. ಇಟಲಿಯ ಪಾದುವಾದಲ್ಲಿ ಅಂಗರಚನಾಶಾಸ್ತ್ರವನ್ನು ಬೋಧಿಸುತ್ತಿದ್ದ ಫಲೋಪಿಯೋ 1561ರ ತನ್ನ ಗ್ರಂಥದಲ್ಲಿ ಅವನ್ನು ಕಹಳೆಗೆ ಹೋಲಿಸಿದನು. ಸೋಂಕಿನಿಂದ ನಾಳದ ತುದಿ ಮುಚ್ಚಿ, ಒಳಗೆ ದ್ರವ ನಿಂತು ಊದಿಕೊಂಡರೆ ವೈದ್ಯರು ಅದನ್ನು ಹೈಡ್ರೋಸಾಲ್ಪಿಂಕ್ಸ್ ಎನ್ನುತ್ತಾರೆ. ಈ ಗ್ರೀಕ್ ಮೂಲದ ಪದಕ್ಕೂ ನೀರಿನ ಕಹಳೆಯೆಂದೇ ಅರ್ಥ. ಇಂಥ ನಾಳಕ್ಕೆ ಶಸ್ತ್ರಚಿಕಿತ್ಸೆ ಬೇಕೇ, ಬೇಡವೇ ಎಂಬ ಪ್ರಶ್ನೆಗೆ ಕಾಲಕಾಲಕ್ಕೆ ದೊರೆತ ಉತ್ತರಗಳು ಬೇರೆ ಬೇರೆ.

ಮೊದಲ ಉತ್ತರ ಪ್ರಾಣರಕ್ಷಣೆಯದು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಬರ್ಮಿಂಗ್‌ಹ್ಯಾಮ್‌ನ ಲಾಸನ್ ಟೇಟ್ ಕೀವುಗಟ್ಟಿದ, ಊದಿದ ನಾಳಗಳನ್ನು ಕತ್ತರಿಸಿ ತೆಗೆಯತೊಡಗಿದನು. ಸೋಂಕನ್ನು ಅಡಗಿಸುವ ಔಷಧಗಳಿಲ್ಲದ ಆ ದಿನಗಳಲ್ಲಿ ಕೀವು ಹೊಟ್ಟೆಯೊಳಗೆ ಒಡೆದರೆ ಸಾವು ಹತ್ತಿರವಿತ್ತು. ಆದರೆ ಅಗತ್ಯವಿಲ್ಲದೆಯೂ ಸ್ತ್ರೀಯರ ಅಂಗಗಳನ್ನು ತೆಗೆಯಲಾಗುತ್ತಿದೆಯೆಂಬ ಆಕ್ಷೇಪ ಅಂದಿನ ವೈದ್ಯರಿಂದಲೇ ಬಂದಿತು. ಎರಡೂ ನಾಳಗಳು ಹೋದ ಮೇಲೆ ತಾಯ್ತನದ ಆಸೆಯೂ ಮುಗಿದಂತೆಯೇ ಸರಿ.

ಕತ್ತರಿಸುವ ಮುನ್ನ ತಿಳಿಯುವ ದಾರಿಯನ್ನು ತೋರಿದವನು ನ್ಯೂಯಾರ್ಕಿನ ಐಸಿಡೋರ್ ರೂಬಿನ್. 1920ರಲ್ಲಿ ಪ್ರಕಟವಾದ ಅವನ ಪರೀಕ್ಷೆಯಲ್ಲಿ ಗರ್ಭಕೋಶದೊಳಕ್ಕೆ ಅನಿಲವನ್ನು ಹಾಯಿಸುತ್ತಿದ್ದರು. ನಾಳ ತೆರೆದಿದ್ದರೆ ಅನಿಲ ಹೊಟ್ಟೆಗೆ ಸೇರಿ, ರೋಗಿಗೆ ಭುಜದಲ್ಲಿ ನೋವು ಕಾಣುತ್ತಿತ್ತು. ಮುಂದೆ ಕ್ಷ-ಕಿರಣ ಚಿತ್ರಗಳೂ ಉದರದರ್ಶಕವೂ ಬಂದವು. 1970ರ ದಶಕದಲ್ಲಿ ಸೂಕ್ಷ್ಮದರ್ಶಕದ ನೆರವಿನಿಂದ ಮುಚ್ಚಿದ ನಾಳವನ್ನು ಬಿಡಿಸುವ ಕೌಶಲ ಬೆಳೆಯಿತು. ಆದರೆ ಬಾಯಿ ತೆರೆದ ಮಾತ್ರಕ್ಕೆ ನಾಳ ಬದುಕಿತೆನ್ನಲಾಗದು. ಒಳಗಿನ ಸೂಕ್ಷ್ಮ ರೋಮಗಳು ನಾಶವಾಗಿದ್ದರೆ ಅಂಡವನ್ನು ಸಾಗಿಸುವವರಾರು? ಭ್ರೂಣ ನಾಳದಲ್ಲಿಯೇ ನಿಂತು ತಾಯಿಯ ಜೀವಕ್ಕೆ ಎರವಾಗುವ ಅಪಾಯವೂ ಉಂಟು.

1978ರ ಜುಲೈ 25ರಂದು ಇಂಗ್ಲೆಂಡಿನ ಓಲ್ಡಮ್‌ನಲ್ಲಿ ಲೂಯಿಸ್ ಬ್ರೌನ್ ಜನಿಸಿದಳು. ಅವಳ ತಾಯಿಯ ನಾಳಗಳು ಮುಚ್ಚಿದ್ದವು. ಸ್ಟೆಪ್ಟೋ ಮತ್ತು ಎಡ್ವರ್ಡ್ಸ್ ಅಂಡವನ್ನು ದೇಹದ ಹೊರಗೆ ಫಲಿತಗೊಳಿಸಿ, ನಾಳದ ದಾರಿಯನ್ನೇ ಬಳಸದೆ ಗರ್ಭಕೋಶಕ್ಕೆ ತಲುಪಿಸಿದ್ದರು. ಅದೇ ಅಕ್ಟೋಬರ್ 3ರಂದು ಕಲ್ಕತ್ತೆಯಲ್ಲಿ ಡಾ. ಸುಭಾಷ್ ಮುಖೋಪಾಧ್ಯಾಯರ ಪ್ರಯತ್ನವೂ ಫಲಿಸಿತು. ಇನ್ನು ನಾಳದ ಗೊಡವೆಯೇ ಬೇಡವೆಂದು ತೋರಿದ್ದರೆ ಆಶ್ಚರ್ಯವಿಲ್ಲ.

ಆದರೆ ಊದಿದ ನಾಳವಿದ್ದವರಲ್ಲಿ ಪ್ರನಾಳ ಶಿಶುವಿನ ಯತ್ನ ಫಲಿಸುವುದು ಸುಮಾರು ಅರ್ಧದಷ್ಟು ಕಡಿಮೆಯೆಂದು 1990ರ ದಶಕದಲ್ಲಿ ಕಂಡುಬಂದಿತು. ನಿಂತ ದ್ರವ ಗರ್ಭಕೋಶಕ್ಕೆ ಹಿಂದಿರುಗಿ ಹರಿದು, ಭ್ರೂಣ ನೆಲೆಗೊಳ್ಳದಂತೆ ಮಾಡುತ್ತದೆಂಬುದು ಇದಕ್ಕೆ ಕೊಡುವ ಒಂದು ವಿವರಣೆ. 1999ರಲ್ಲಿ ಪ್ರಕಟವಾದ ಸ್ಕ್ಯಾಂಡಿನೇವಿಯದ ಅಧ್ಯಯನವು, ಸ್ಕ್ಯಾನಿನಲ್ಲಿ ಕಾಣುವಷ್ಟು ಊದಿದ ನಾಳಗಳನ್ನು ಮೊದಲೇ ತೆಗೆದರೆ ಮಗುವಾಗುವ ಸಾಧ್ಯತೆ ಹೆಚ್ಚುತ್ತದೆಂದು ತೋರಿಸಿತು. ಟೇಟನ ಕತ್ತರಿ ಮರಳಿ ಬಂದಿತು. ಅಂದು ತಾಯ್ತನವನ್ನು ಮುಗಿಸಿದ ಕೆಲಸವೇ ಇಂದು ತಾಯ್ತನಕ್ಕೆ ದಾರಿಯಾಯಿತು.

ಆದುದರಿಂದ ಚಿತ್ರವೊಂದನ್ನೇ ನೋಡಿ ತೀರ್ಮಾನಿಸುವಂತಿಲ್ಲ. ನೋವಿಲ್ಲದೆ, ಸೋಂಕಿಲ್ಲದೆ, ಮಗುವಿನ ಬಯಕೆಯೂ ಇಲ್ಲದವಳಿಗೆ ಶಸ್ತ್ರ ಅನೇಕ ವೇಳೆ ಬೇಕಾಗದು. ಕಿರಿಯ ವಯಸ್ಸಿನವಳ ನಾಳದ ಒಳಪದರ ಚೆನ್ನಾಗಿದ್ದರೆ ಬಿಡಿಸಿ ನೋಡಬಹುದು. ನಮ್ಮ ದೇಶದಲ್ಲಿ ಹೆಚ್ಚಾಗಿ ಕಾಣುವ ಕ್ಷಯದಿಂದ ಕೆಟ್ಟ ನಾಳಕ್ಕೆ ಮೊದಲು ಔಷಧವೇ ಸಲ್ಲಬೇಕು. ಅದನ್ನು ಬಿಡಿಸಿ ಫಲ ಕಾಣುವುದು ವಿರಳ. ನಾಳವು ಊದಿದೆಯೇ ಎಂಬುದನ್ನು ಯಂತ್ರ ಹೇಳೀತು. ಯಾವುದಕ್ಕಾಗಿ ಶಸ್ತ್ರವೆಂಬುದನ್ನು ಆ ಹೆಂಗಸನ್ನು ಕೇಳಿಯೇ ತಿಳಿಯಬೇಕು.